ಅಲೆ ಹೊತ್ತ ಎಂಜಿನ್: ಶ್ರೀಲಂಕಾದ ಹಳಿಗಳ ಮೇಲೆ ಐದು ದಿನ

ಮೊದಲ ದಿನ: ವೆಲ್ಲವತ್ತ

ಬೆಂಗಳೂರಿನಿಂದ ಕೊಲಂಬೊಗೆ ಹಾರಲು ಒಂದೂವರೆ ಗಂಟೆ ಸಾಕು. ವಿಮಾನ ನಿಲ್ದಾಣದಿಂದ ವೆಲ್ಲವತ್ತದ ವಸತಿಗೃಹ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಊರಿಗೂ ಸಮುದ್ರಕ್ಕೂ ನಡುವೆ ರೈಲುಹಳಿಯೊಂದೇ ಇರುವ ಬೀದಿಯಲ್ಲಿ ಕೋಣೆ ಬೇಕೆಂದು ಹಟ ಹಿಡಿದವನು ನನ್ನ ಅಕ್ಕನ ಮಗ. ಅವನ ಕೆಲಸ ಸಾಫ್ಟ್‌ವೇರಿನದಾದರೂ ಜೀವವೆಲ್ಲ ರೈಲಿನ ಮೇಲೆ. ಎರಡು ವರ್ಷದಿಂದ ಅವನ ಮೇಜಿನ ಮೇಲೆ 87ರಲ್ಲಿ 1ರ ಅಳತೆಯ ಎಂಜಿನ್ ಮಾದರಿಯೊಂದು ಬೂದುಬಣ್ಣದ ಪ್ರೈಮರ್ ಬಳಿಸಿಕೊಂಡು ಕುಳಿತಿದೆ. ಅದಕ್ಕೆ ಯಾವ ಬಣ್ಣ ಹಚ್ಚಬೇಕೆಂಬುದು ನಮ್ಮಿಬ್ಬರ ನಡುವಿನ ಹಳೆಯ ವಾದ, ಮತ್ತು ಈ ಪ್ರವಾಸಕ್ಕೆ ಅದೇ ಕಾರಣ.

ಆ ಮಾದರಿ ಶ್ರೀಲಂಕಾ ರೈಲ್ವೆಯ ಎಂ2 ವರ್ಗದ್ದು. 1950ರ ದಶಕದಲ್ಲಿ, ದೇಶದ ಹೆಸರು ಇನ್ನೂ ಸಿಲೋನ್ ಆಗಿದ್ದಾಗ, ಕೊಲಂಬೊ ಯೋಜನೆಯ ನೆರವಿನಲ್ಲಿ ಕೆನಡಾದಿಂದ ಬಂದ ಜನರಲ್ ಮೋಟಾರ್ಸ್‌ನ ಜಿ12 ಎಂಜಿನ್‌ಗಳು ಇವು. ಅದಕ್ಕೇ ಇವುಗಳಲ್ಲಿ ಹಲವು ಆಂಟೇರಿಯೊ, ಆಲ್ಬರ್ಟಾ, ಮ್ಯಾನಿಟೋಬಾ ಎಂದು ಕೆನಡಾದ ಪ್ರಾಂತ್ಯಗಳ ಹೆಸರುಗಳನ್ನು ಹೊತ್ತಿವೆ. ಊರಿನ ಜನ ಇಂದಿಗೂ ಇವನ್ನು ‘ಕೆನಡಾ ಎಂಜಿನ್’ ಎಂದೇ ಕರೆಯುತ್ತಾರೆ. ವರ್ಗದಲ್ಲಿ ಒಟ್ಟು 14 ಇದ್ದವು. ಅವುಗಳಲ್ಲಿ ಅಳಿಯ ಆರಿಸಿಕೊಂಡದ್ದು 591ನೆಯ ಸಂಖ್ಯೆಯ ಮ್ಯಾನಿಟೋಬಾ. ರೈಲುಪ್ರಿಯರಿಗೆ ಆ ಸಂಖ್ಯೆಯನ್ನು ವಿವರಿಸಬೇಕಾಗಿಲ್ಲ. 2004ರ ಡಿಸೆಂಬರ್ 26ರ ಬೆಳಿಗ್ಗೆ ದಕ್ಷಿಣ ಕರಾವಳಿಯ ಪೆರಲಿಯ ಎಂಬ ಊರಿನಲ್ಲಿ ಸುನಾಮಿಯ ಅಲೆ ಕೊಚ್ಚಿಕೊಂಡು ಹೋದ ರೈಲಿನ ಎಂಜಿನ್ ಅದು. ಅದನ್ನು ಮೇಲೆತ್ತಿ, ದುರಸ್ತಿ ಮಾಡಿ, ಮೈಮೇಲೆ ಅಲೆಯ ಚಿತ್ರ ಬರೆದು ಮತ್ತೆ ಓಡಿಸಿದರು. ಎಂಜಿನ್ನನ್ನು ಅದು ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣದಲ್ಲಿಯೇ ತೋರಿಸಬೇಕು, ಅದೇ ಪ್ರಾಮಾಣಿಕ ಎಂಬುದು ಅಳಿಯನ ವಾದ. ಅವನೊಬ್ಬನದಲ್ಲ, ಹಳೆಯ ಎಂಜಿನ್‌ಗಳನ್ನು ಪ್ರೀತಿಸುವ ಬಹುಪಾಲು ಜನರ ನಂಬಿಕೆಯೂ ಅದೇ. ನನಗೆ ಅದನ್ನು ಪೂರ್ತಿಯಾಗಿ ಒಪ್ಪಲು ಆಗುತ್ತಿರಲಿಲ್ಲ. ಅಲ್ಲಗಳೆಯುವಷ್ಟು ಕಂಡದ್ದೂ ಇರಲಿಲ್ಲ.

ಸಂಜೆ ಐದರ ಹೊತ್ತಿಗೆ ಫೋರ್ಟ್ ನಿಲ್ದಾಣಕ್ಕೆ ಹೋದೆವು. ಕಚೇರಿ ಬಿಟ್ಟ ಜನರನ್ನು ಊರಿಗೆ ತಲುಪಿಸುವ ಗಾಡಿಗಳನ್ನು ಇಲ್ಲಿ ‘ಆಫೀಸ್ ಟ್ರೈನ್’ ಎನ್ನುತ್ತಾರೆ. ಟಿಕೆಟ್ ಕೊಳ್ಳುವುದೇ ಒಂದು ಸಂತೋಷ, ಏಕೆಂದರೆ ನಮ್ಮಲ್ಲಿ ಎಂದೋ ಮರೆಯಾದ ದಪ್ಪ ರಟ್ಟಿನ ಚಿಕ್ಕ ಟಿಕೆಟ್ ಇಲ್ಲಿ ಇನ್ನೂ ಬಳಕೆಯಲ್ಲಿದೆ. ಆದರೆ ಇಳಿಯುವಾಗ ಅದನ್ನು ಬಾಗಿಲಲ್ಲಿ ವಾಪಸು ಕೊಡಬೇಕು. ನೆನಪಿಗೆ ಇಟ್ಟುಕೊಳ್ಳಬೇಕೆನ್ನುವವರು ಅದರ ಚಿತ್ರವನ್ನು ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು. ಚಿಲ್ಲರೆಯೂ ಕೈಯಲ್ಲಿರಬೇಕು, ದೊಡ್ಡ ನೋಟು ತೋರಿಸಿದರೆ ಹಿಂದಿನ ಸಾಲು ನಿಟ್ಟುಸಿರು ಬಿಡುತ್ತದೆ.

ನಮ್ಮ ಗಾಡಿಗೆ ಕಟ್ಟಿದ್ದು ಎಂ4. 1975ರಲ್ಲಿ ಕೆನಡಾದ ಮಾಂಟ್ರಿಯಲ್ ಲೋಕೋಮೋಟಿವ್ ವರ್ಕ್ಸ್ ಕಟ್ಟಿದ ಎಂಜಿನ್; ಹೊಟ್ಟೆಯಲ್ಲಿರುವುದು ಅಮೆರಿಕದ ಆಲ್ಕೊ ಕಂಪನಿ ರೂಪಿಸಿದ 251 ಎಂಬ ಡೀಸೆಲ್ ಯಂತ್ರ. ಅದು ಹೊರಡುವಾಗ ಹೊರಡಿಸಿದ ಸದ್ದಿಗೆ ನನ್ನ ಮೈ ಝುಮ್ಮೆಂದಿತು. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ವಸತಿಯಲ್ಲಿ. ಅಪ್ಪ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಆಗಿನ್ನೂ ಮೀಟರ್ ಗೇಜು. ಆ ಹಳಿಯ ವೈಡಿಎಂ-4 ಡೀಸೆಲ್ ಎಂಜಿನ್‌ಗಳು ಬೆಳಗಿನ ಜಾವ ಧಗ್ ಧಗ್ ಎಂದು ಗಂಟಲು ಸರಿಪಡಿಸಿಕೊಳ್ಳುತ್ತಿದ್ದುದನ್ನು ಕೇಳಿಕೊಂಡೇ ನಾನು ಶಾಲೆಗೆ ಏಳುತ್ತಿದ್ದುದು. ಆ ವೈಡಿಎಂ-4ರಲ್ಲಿದ್ದುದೂ 251ರದೇ ಆರು ಸಿಲಿಂಡರಿನ ತಮ್ಮ. ಊರು ಬೇರೆ, ಕಡಲು ಬೇರೆ, ಸದ್ದು ಮಾತ್ರ ಮನೆಯದು.

ಬೋಗಿಯಲ್ಲಿ ಕೂರಲು ಜಾಗವಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಹಿಳೆಯೊಬ್ಬರು ಅಳಿಯನ ಕ್ಯಾಮೆರಾ ನೋಡಿ ಇಂಗ್ಲಿಷಿನಲ್ಲಿ ಮಾತಿಗೆ ಬಂದರು. ಪಾಣದುರದಿಂದ ದಿನವೂ ಬಂದು ಹೋಗುವವರು, ಬ್ಯಾಂಕಿನ ಉದ್ಯೋಗಿ. ಹಳೆಯ ಎಂಜಿನ್‌ಗಳಿಗೆ ಮೊದಲಿನ ಬಣ್ಣವನ್ನೇ ಹಚ್ಚಬೇಕೆ ಎಂದು ಅವನು ಕೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿದರು. “ನಾನು ಎಂಜಿನ್ ನೋಡುವುದೇ ಕಡಿಮೆ, ತಮ್ಮಾ. ನಾನು ನೋಡುವುದು ಈ ಫ್ಯಾನನ್ನು. ಮೊದಲು ಇದು ತಿರುಗಲಿ, ಈ ಕಿಟಕಿ ಮಳೆಗೆ ಮುಚ್ಚುವಂತಾಗಲಿ, ಆಮೇಲೆ ನಿಮಗೆ ಇಷ್ಟವಾದ ಬಣ್ಣ ಹಚ್ಚಿಕೊಳ್ಳಿ” ಎಂದು ಹೇಳಿ, ತಮ್ಮ ಮಾತು ಒರಟಾಯಿತೇನೋ ಎಂಬಂತೆ ಚೀಲದಿಂದ ಬೆಲ್ಲದ ಮಿಠಾಯಿ ತೆಗೆದು ಇಬ್ಬರಿಗೂ ಕೊಟ್ಟರು. ಬಾಗಿಲಾಚೆ ಹತ್ತು ಮಾರು ದೂರದಲ್ಲಿ ಅಲೆಗಳು ಕಲ್ಲಿಗೆ ಬಡಿದು ತುಂತುರು ನಮ್ಮ ಮುಖಕ್ಕೇ ಬರುತ್ತಿತ್ತು. ತುಟಿ ನೆಕ್ಕಿಕೊಂಡರೆ ಉಪ್ಪು.

ರಾತ್ರಿ ವೆಲ್ಲವತ್ತದ ತಮಿಳರ ಹೋಟೆಲಿನಲ್ಲಿ ಇಡಿಯಾಪ್ಪ, ಸೊದಿ ಮತ್ತು ಕೆಂಪಗೆ ಅರೆದ ತೆಂಗಿನ ಸಂಬಲ್ ಸಿಕ್ಕಿತು. ನಮ್ಮ ಒತ್ತುಶ್ಯಾವಿಗೆಯ ಸೋದರಿಯೇ ಅದು. ಸಂಬಲ್ಲಿನ ಖಾರ ಮಾತ್ರ ಬಯಲುಸೀಮೆಯವನನ್ನೂ ನೀರು ಕುಡಿಸುವಂಥದು.

ಎರಡನೆಯ ದಿನ: ಕಡುಗಣ್ಣಾವ

ಬೆಳಗಿನ ಕ್ಯಾಂಡಿ ಗಾಡಿಯಲ್ಲಿ ಬಲಗಡೆಯ ಕಿಟಕಿ ಹಿಡಿದೆವು. ಹೋಗುವಾಗ ಕಣಿವೆ ಕಾಣುವುದು ಆ ಬದಿಗೆ. ರಂಬುಕ್ಕಣದವರೆಗೆ ಜೋಡಿಹಳಿ, ಗದ್ದೆ, ತೆಂಗು; ಅಲ್ಲಿಂದಾಚೆ ಒಂಟಿ ಹಳಿ ಮತ್ತು 44ರಲ್ಲಿ 1ರ ಏರು. ಎಂಜಿನ್ ಉಸಿರು ಬಿಗಿಹಿಡಿದು ಹತ್ತುತ್ತದೆ. ಬಂಡೆ ತಲೆಯ ಮೇಲೆ ಚಾಚಿಕೊಂಡಿರುವ ‘ಸಿಂಹದ ಬಾಯಿ’ಯನ್ನು ಹಾದುಹೋಗುವಾಗ ಬೋಗಿಯಲ್ಲಿದ್ದ ಶಾಲಾಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಡಿಸೆಂಬರಿನಲ್ಲಿ ಈಶಾನ್ಯ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಅಲಗಲ್ಲ ಬೆಟ್ಟದ ಮೇಲಿದ್ದ ಮೋಡ ಕಿಟಕಿಗೇ ಇಳಿದುಬಂತು.

ಕಡುಗಣ್ಣಾವದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ ನಿಲ್ದಾಣಕ್ಕೆ ತೀರ ಹತ್ತಿರ. ಈ ದೇಶದ ಮೊದಲ ರೈಲು 1864ರ ಡಿಸೆಂಬರ್ 27ರಂದು ಕೊಲಂಬೊದಿಂದ ಅಂಬೇಪುಸ್ಸಕ್ಕೆ ಓಡಿತು; ಸರಿಯಾಗಿ 150 ವರ್ಷಗಳ ನಂತರ, 2014ರಲ್ಲಿ, ಇಲ್ಲಿ ಈ ಸಂಗ್ರಹಾಲಯವನ್ನು ತೆರೆದರು. ಹಳೆಯ ಉಗಿಬಂಡಿಗಳ ಹಿತ್ತಾಳೆಯ ಮೇಲೆ ಮಳೆಹನಿಗಳು ನಿಂತಿದ್ದವು. ಅವುಗಳನ್ನು ನೋಡುತ್ತ ನನಗೆ ಅಪ್ಪನ ಮಾತು ನೆನಪಾಯಿತು: “ಹಿತ್ತಾಳೆಗೆ ಬಣ್ಣ ಹೊಡೀಬಾರದು ಕಣೋ, ಉಜ್ಜಬೇಕು.” ನಮ್ಮ ಕಡೆಯ ಒಂದು ನಿಲ್ದಾಣದ ಮುಂದೆ ಪ್ರದರ್ಶನಕ್ಕಿಟ್ಟ ಎಂಜಿನ್ನಿಗೆ ವರ್ಷ ವರ್ಷವೂ ಪದರದ ಮೇಲೆ ಪದರ ಎನಾಮಲ್ ಬಳಿದು, ಅದನ್ನು ಕಟ್ಟಿದ ಕಾರ್ಖಾನೆಯ ಹೆಸರು ಮತ್ತು ವರ್ಷವಿದ್ದ ಫಲಕ ಈಗ ಬರೀ ಉಬ್ಬುತಗ್ಗಾಗಿ ಉಳಿದಿದೆ. ಬೆರಳಾಡಿಸಿದರೆ ಅಕ್ಷರಗಳಿರುವುದು ತಿಳಿಯುತ್ತದೆ, ಓದಲು ಆಗುವುದಿಲ್ಲ. ಪ್ರೀತಿಯಿಂದ ಹಚ್ಚಿದ ಬಣ್ಣವೂ ಹೀಗೆ ಅಳಿಸಬಲ್ಲದು ಎಂಬ ಸಂಕಟ ನನ್ನಲ್ಲಿ ಅಂದಿನಿಂದ ಇದೆ.

ಸಂಗ್ರಹಾಲಯದ ನೆರಳಿನಲ್ಲಿ ಮಳೆ ಬಿಡಲು ಕಾಯುತ್ತಿದ್ದ ಹಿರಿಯರೊಬ್ಬರು ನಮ್ಮ ಕನ್ನಡ ಕೇಳಿ, ತಮಿಳಿನಲ್ಲಿ “ಯಾವ ಊರು?” ಎಂದರು. ನಿವೃತ್ತ ಎಂಜಿನ್ ಚಾಲಕರು. ಮಲೆನಾಡಿನ ದಾರಿಯಲ್ಲೂ ಕರಾವಳಿಯ ದಾರಿಯಲ್ಲೂ ಕೆಲಸ ಮಾಡಿದವರು. ನನ್ನ ತಂದೆ ಶೆಡ್ಡಿನವರೆಂದು ತಿಳಿದ ಮೇಲೆ ಅವರ ಮಾತಿನ ರೀತಿಯೇ ಬದಲಾಯಿತು. ಪಕ್ಕದ ಬೆಂಚಿನ ನೀರು ಒರೆಸಿ ಕೂರಿಸಿಕೊಂಡರು. ಡೀಸೆಲ್ ಯುಗ ತಂದ ಬಿ. ಡಿ. ರಾಂಪಾಲರನ್ನು ಅವರು ಗುರುಗಳ ಹೆಸರು ಹೇಳುವ ಧಾಟಿಯಲ್ಲಿ ನೆನೆದರು. ಇಲ್ಲಿಯ ರೈಲ್ವೆಗೆ ದೇಶದವರೇ ಆದ ಮೊದಲ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ರಾಂಪಾಲರು. ಉತ್ತರದ ಜಾಫ್ನಾಕ್ಕೆ ಹೋಗುವ ‘ಯಾಳ್ ದೇವಿ’ಯಂಥ ಗಾಡಿಗಳಿಗೆ ಹೆಸರಿಟ್ಟು ಅವುಗಳಿಗೊಂದು ವ್ಯಕ್ತಿತ್ವ ಕೊಟ್ಟ ಕಾಲ ಅವರದು. 1953ರಲ್ಲಿ ಇಂಗ್ಲೆಂಡಿನಿಂದ ಬಂದ ಬ್ರಷ್-ಬ್ಯಾಗ್ನಲ್ ಎಂಜಿನ್‌ಗಳಿಗಿಂತ ಮರುವರ್ಷ ಬಂದ ಕೆನಡಾದವು ಏಕೆ ಹೆಚ್ಚು ಬಾಳಿದವು ಎಂದು ಕೇಳಿದೆ.

ಅವರ ಉತ್ತರವನ್ನು ನಾನು ಅಂದೇ ಬರೆದುಕೊಂಡೆ. ಎಂ2ರ 567 ಸರಣಿಯ ಎಂಜಿನ್ನಿನಲ್ಲಿ ಪಿಸ್ಟನ್, ಲೈನರ್, ಸಿಲಿಂಡರ್ ಹೆಡ್ ಎಲ್ಲ ಸೇರಿದ ಒಂದೊಂದು ಕಟ್ಟನ್ನೂ ಬಿಡಿಯಾಗಿ ಎತ್ತಿ ಬದಲಿಸಬಹುದು. ಮುಂದೆ ಅದೇ ಕಂಪನಿ 645 ಸರಣಿಯನ್ನು ತಂದಾಗ ಅದರ ಸಿಲಿಂಡರ್ ಕಟ್ಟುಗಳು ಹಳೆಯ 567-ಸಿ ಬ್ಲಾಕಿಗೂ ಕೂರುವಂತಿದ್ದವು. 1979ರಲ್ಲಿ ಜರ್ಮನಿಯಿಂದ ಬಂದ ಎಂ6 ಎಂಜಿನ್‌ಗಳಲ್ಲಿ ಇರುವುದೂ ಆ 645. ಅಂದರೆ ಅಜ್ಜನಿಗೆ ಮೊಮ್ಮಗನ ಅಂಗಿ ಹಿಡಿಸುತ್ತದೆ. “ಬಣ್ಣದಿಂದ ಉಳಿದದ್ದಲ್ಲ ಅಪ್ಪಾ, ಬಿಡಿಭಾಗದಿಂದ ಉಳಿದದ್ದು” ಎಂದರು. ಹಾಗಾದರೆ ಬಣ್ಣ ಬೇಡವೆ ಎಂದು ಅಳಿಯ ಸ್ವಲ್ಪ ನೊಂದೇ ಕೇಳಿದ. ಬೇಕು ಎಂದರು ಅವರು, ಆದರೆ ಚಾಲಕನನ್ನು ಕೇಳಿ ಹಚ್ಚಬೇಕು. ಒಮ್ಮೆ ಹೊಸದಾಗಿ ಬಣ್ಣ ಹೊಡೆಸಿಕೊಂಡು ಬಂದ ಎಂಜಿನ್ನೊಂದರ ಉದ್ದ ಮೂತಿ ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ಹಳಿಯ ಬದಿಯಲ್ಲಿ ನಿಂತವರೆಲ್ಲ ಚಿತ್ರ ತೆಗೆದು ಸಂಭ್ರಮಿಸಿದರಂತೆ. ಇವರಿಗೆ ಮಾತ್ರ ಸಂಜೆಯ ಬಿಸಿಲು ಆ ಮೂತಿಯಿಂದ ನೇರ ಕಣ್ಣಿಗೆ ಹೊಡೆದು ಸಿಗ್ನಲ್ ಕೈಮರ ಏರಿದೆಯೋ ಇಳಿದಿದೆಯೋ ತಿಳಿಯದೆ ಗಾಡಿಯನ್ನು ನಿಧಾನಿಸಬೇಕಾಯಿತಂತೆ. ಕ್ಯಾಬಿನ ಗಾಜಿನ ಮುಂದಿನ ಭಾಗಕ್ಕೆ ಹೊಳಪಿಲ್ಲದ ಗಾಢ ಬಣ್ಣವನ್ನೇ ಹಚ್ಚಬೇಕು ಎಂಬ ಈ ಮಾತನ್ನು ಅಳಿಯ ತನ್ನ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದುಕೊಂಡ.

ಮರಳುವಾಗ ಒಂದು ಸಣ್ಣ ಅವಘಡವಾಯಿತು. ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ನಿಂತ ಪುಟ್ಟ ನಿಲ್ದಾಣವೊಂದರಲ್ಲಿ ಅಳಿಯ ಇಳಿದು, ಒಂಟಿ ಹಳಿಯಲ್ಲಿ ಮುಂದೆ ಹೋಗಲು ಅನುಮತಿಯ ಗುರುತಾದ ಟ್ಯಾಬ್ಲೆಟ್ ಬಳೆಯನ್ನು ಸ್ಟೇಷನ್ ಮಾಸ್ತರರು ಚಾಲಕನಿಗೆ ಕೊಡುವ ಚಿತ್ರಕ್ಕೆಂದು ಕಂಬಿಗೆ ಒರಗಿ ನಿಂತ. ಅಲ್ಲಿ ತೂಗುಹಾಕಿದ್ದ ಸಿಂಹಳದ ಹಲಗೆ ನಮಗೆ ಓದಲು ಬರುತ್ತಿರಲಿಲ್ಲ. ಅಂಗಿಯ ಬೆನ್ನಿನ ಉದ್ದಕ್ಕೂ ಬೆಳ್ಳಿಬಣ್ಣದ ಪಟ್ಟೆ ಬಂತು. ಬಣ್ಣ ಹೊಡೆಯುತ್ತಿದ್ದವರು ಓಡಿಬಂದು, ಬಟ್ಟೆಗೆ ಸೀಮೆಎಣ್ಣೆ ಅದ್ದಿ, ಮಗುವಿನ ಬೆನ್ನು ಒರೆಸುವಂತೆ ಒರೆಸಿದರು. ಆ ಐದು ನಿಮಿಷದಲ್ಲಿ, ಹರಕು ಇಂಗ್ಲಿಷಿನಲ್ಲಿ, ಬೆಟ್ಟದ ಮೇಲಿನ ಕಬ್ಬಿಣಕ್ಕಿಂತ ಕಡಲ ಬದಿಯ ಕಬ್ಬಿಣಕ್ಕೆ ಬಣ್ಣ ಬೇಗ ಬೇಗ ಬೇಕಾಗುತ್ತದೆಂದೂ, ತುಕ್ಕನ್ನು ಪೂರ್ತಿ ಕೆರೆದು ರೆಡ್ ಆಕ್ಸೈಡ್ ಹಚ್ಚದೆ ಮೇಲೆ ಎಷ್ಟು ಬಳಿದರೂ ಉಪ್ಪು ಒಳಗಿಂದ ಉಬ್ಬಿಸಿ ಎತ್ತುತ್ತದೆಂದೂ ಹೇಳಿದರು. ಎಂಜಿನ್‌ಗಳಲ್ಲಿ ಮೊದಲು ತಿಂದುಹೋಗುವುದು ಪಕ್ಕದ ಬಾಗಿಲುಗಳ ಕೆಳಅಂಚು. ನೀರು ಅಲ್ಲಿ ನಿಲ್ಲುತ್ತದೆ. ಅಂಗಿಯ ಕಲೆ ಹೋಗಲಿಲ್ಲ.

ಮೂರನೆಯ ದಿನ: ದೆಮಟಗೊಡ

ಕ್ರಿಸ್‌ಮಸ್ ರಜೆ. ಆಫೀಸ್ ರೈಲುಗಳಿಲ್ಲದ ಕೊಲಂಬೊ ನಿದ್ದೆಯಿಂದ ತಡವಾಗಿ ಎದ್ದಂತಿತ್ತು. ಡೀಸೆಲ್ ಎಂಜಿನ್‌ಗಳು ತಂಗುವ ಶೆಡ್ ಇರುವ ದೆಮಟಗೊಡದ ಕಡೆಗೆ ಹೋದೆವು. ಶೆಡ್ಡಿನೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೋಗಲೂಬಾರದು; ಹಳಿಗಳನ್ನು ದಾಟುವ ಮೇಲ್ಸೇತುವೆಯಿಂದಲೇ ಬೇಕಾದಷ್ಟು ಕಾಣುತ್ತದೆ. ಅಲ್ಲಿ ನಮಗಿಂತ ಮೊದಲೇ ಮೂವರು ಯುವಕರು ಕ್ಯಾಮೆರಾ ಹಿಡಿದು ನಿಂತಿದ್ದರು. ರೈಲುಪ್ರಿಯರಿಗೆ ಪರಿಚಯ ಮಾಡಿಕೊಳ್ಳಲು ಹೆಸರು ಬೇಕಿಲ್ಲ; “ಇವತ್ತು ಯಾವುದು ಬಂತು?” ಎಂಬ ಪ್ರಶ್ನೆ ಸಾಕು.

ಆ ಮೂವರಲ್ಲಿಯೇ ಮೂರು ಅಭಿಪ್ರಾಯಗಳಿದ್ದವು. ಮೊದಲನೆಯವನು ನನ್ನ ಅಳಿಯನ ಪಕ್ಷ. ಬಣ್ಣ ಎಂದರೆ ದಾಖಲೆ, ಒಂದೊಂದು ಎಂಜಿನ್ನಿಗೂ ಮನಬಂದಂತೆ ಒಂದೊಂದು ಪಟ್ಟೆ ಎಳೆದರೆ ಒಂದೇ ವರ್ಗದ ಎಂಜಿನ್‌ಗಳೆಂದು ಮುಂದಿನವರಿಗೆ ತಿಳಿಯುವುದಾದರೂ ಹೇಗೆ ಎಂಬುದು ಅವನ ಪ್ರಶ್ನೆ. ಎರಡನೆಯವನಿಗೆ ಬಣ್ಣದ ಚರ್ಚೆಯೇ ಹಿಡಿಸದು. 2022ರ ಆರ್ಥಿಕ ಬಿಕ್ಕಟ್ಟಿನಲ್ಲಿ ದೇಶದಲ್ಲಿ ಔಷಧಿ, ಇಂಧನಕ್ಕೇ ವಿದೇಶಿ ಹಣವಿಲ್ಲದಿದ್ದಾಗ ಎಂಜಿನ್‌ಗಳ ಬಿಡಿಭಾಗ ಎಲ್ಲಿಂದ ಬರಬೇಕಿತ್ತು, ಆಗಲೂ ಈ ಮುದಿ ಎಂಜಿನ್‌ಗಳನ್ನು ಓಡಿಸಿದ ಶೆಡ್ಡಿನವರ ಕೈ ಬಣ್ಣಕ್ಕಿಂತ ದೊಡ್ಡದು ಎಂದ. ಜಪಾನಿನ ಹಿಟಾಚಿ ಕಟ್ಟಿದ ಎಂ5 ವರ್ಗಕ್ಕೆ ಬೇರೆ ಕಂಪನಿಯ ಎಂಜಿನ್ ಕೂರಿಸಿ ಮರುಜೀವ ಕೊಟ್ಟದ್ದನ್ನು ಅವನು ಉದಾಹರಿಸಿದ. ಹೊರಗಿನ ಪೆಟ್ಟಿಗೆ ಹಿಟಾಚಿಯದು, ಎದೆ ಬೇರೆಯವರದು. ಇನ್ನು ಅದರ ‘ಮೂಲ ಬಣ್ಣ’ಕ್ಕೆ ಏನರ್ಥ ಎಂದು ಕೇಳಿದಾಗ ಮೊದಲನೆಯವನು ಸುಮ್ಮನಾದ. ಮೂರನೆಯವನು ಕಡಿಮೆ ಮಾತಿನವನು. ಅವನು ಹೇಳಿದ್ದು ಇಷ್ಟೇ: “591ಕ್ಕೆ ಮಾತ್ರ ಯಾರೂ ಕೈ ಹಚ್ಚಬಾರದು.” ಅವನ ಊರು ಅಂಬಲಂಗೊಡ. ನಾನು ಮುಂದೆ ಕೇಳಲಿಲ್ಲ.

ಅವರಿಗೆ ನಮ್ಮ ದೇಶದ ಶೆಡ್ಡುಗಳ ಬಗ್ಗೆ ಬಹಳ ಕುತೂಹಲ. ಇಲ್ಲಿಯ ಎಂ8, ಎಂ10, ಎಂ11 ವರ್ಗಗಳೆಲ್ಲ ವಾರಾಣಸಿಯ ಕಾರ್ಖಾನೆಯಲ್ಲಿ ಹುಟ್ಟಿದವು, ನಮ್ಮ ಡಬ್ಲ್ಯುಡಿಎಂ-2, ಡಬ್ಲ್ಯುಡಿಎಂ-3ಡಿ ಡೀಸೆಲ್ ಎಂಜಿನ್‌ಗಳ ರಕ್ತಸಂಬಂಧಿಗಳು. ಎರಡೂ ದೇಶಗಳ ಅಗಲ ಹಳಿ ಒಂದೇ, 1,676 ಮಿಲಿಮೀಟರ್. ಭಾರತದಲ್ಲಿ ಒಂದೊಂದು ಶೆಡ್ಡಿಗೂ ತನ್ನದೇ ಬಣ್ಣದ ರೂಢಿಯಿತ್ತೆಂದೂ, ಕೃಷ್ಣರಾಜಪುರದ್ದೋ ಗುಂತಕಲ್ಲಿನದೋ ಎಂದು ನಾವು ದೂರದಿಂದಲೇ ಗುರುತಿಸುತ್ತಿದ್ದೆವೆಂದೂ ಅಳಿಯ ಹೇಳಿದಾಗ ಮೂವರೂ ಕಣ್ಣರಳಿಸಿ ಕೇಳಿದರು. ವಿದ್ಯುದೀಕರಣ ಮುಗಿಯುತ್ತ ಬಂದ ಹಾಗೆ ಆ ಡೀಸೆಲ್ ಎಂಜಿನ್‌ಗಳು ಗುಜರಿಗೆ ಹೋಗುತ್ತಿರುವುದನ್ನು ಹೇಳುವಾಗ ಅವನ ಸ್ವರ ತಗ್ಗಿತು. ಅವು ಹೋದದ್ದು ತಪ್ಪೆಂದು ನಾನು ಹೇಳಲಾರೆ. ಅವುಗಳ ಹೊಗೆಯನ್ನು ಅಪ್ಪ ಮೂವತ್ತು ವರ್ಷ ಕುಡಿದದ್ದನ್ನು ಕಂಡಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಕಡೆಯಿಂದ ಎಂ2 ಒಂದು ಒಂಟಿಯಾಗಿ ಹೊರಟು ಸೇತುವೆಯ ಕೆಳಗೆ ಹಾದುಹೋಯಿತು. ಆಲ್ಕೊದ ಹಾಗೆ ಅದು ಕೆಮ್ಮುವುದಿಲ್ಲ. ಎರಡು ಹೊಡೆತದ ಎಂಜಿನ್ನಾದ್ದರಿಂದ, ಗಾಳಿ ತುಂಬುವ ಬ್ಲೋಯರಿನ ಕೊರೆತ ಸೇರಿ, ತಂಬೂರಿಯಂತೆ ಬಿಡದೆ ಮಿಡಿಯುವ ಸದ್ದು. ಐವರೂ ಕ್ಯಾಮೆರಾ ಎತ್ತುವುದನ್ನು ಮರೆತೆವು. ಆಮೇಲೆ ಧಾರಾಕಾರ ಮಳೆ. ಮರದಾನದ ಹತ್ತಿರದ ಅಂಗಡಿಯಲ್ಲಿ ಎಲ್ಲರೂ ಕೊತ್ತು ರೊಟ್ಟಿ ತಿಂದೆವು. ಕಾವಲಿಯ ಮೇಲೆ ಎರಡು ತಗಡು ಹಿಡಿದು ರೊಟ್ಟಿ ಕೊಚ್ಚುವ ತಾಳಕ್ಕೆ ಅವರ ವಾದ ಮತ್ತೆ ಏರಿತು. ಸಸ್ಯಾಹಾರದ್ದು ಬೇಕಾದರೆ ಮೊಟ್ಟೆಯೂ ಬೇಡವೆಂದು ಬಿಡಿಸಿ ಹೇಳಬೇಕು.

ನಾಲ್ಕನೆಯ ದಿನ: ಪೆರಲಿಯ

ಸ್ಮರಣೆಯ ದಿನ ದುರಂತದ ಗಾಡಿಯ ಹೆಸರಿನಲ್ಲಿ ಕೊಲಂಬೊದಿಂದ ಹೊರಡುವ ವಿಶೇಷ ರೈಲು ತಮ್ಮವರನ್ನು ಕಳೆದುಕೊಂಡವರದು. ಅದರಲ್ಲಿ ನಾವು ಕೂರಬಾರದೆಂದು ಮೊದಲೇ ನಿರ್ಧರಿಸಿದ್ದೆವು. ಇನ್ನೂ ಕತ್ತಲಿರುವಾಗಲೇ ಸಾಮಾನ್ಯ ಗಾಡಿಯಲ್ಲಿ ಹೊರಟು, ಹಿಕ್ಕಡುವದಲ್ಲಿ ಇಳಿದು, ಆಟೋದಲ್ಲಿ ಹಿಂದಕ್ಕೆ ಪೆರಲಿಯಕ್ಕೆ ಬಂದೆವು. ಈ ದಾರಿಯಲ್ಲೂ ಕಡಲು ಬಲಕ್ಕೆ. ಆ ಬೆಳಿಗ್ಗೆ ಅದು ಕೆರೆಯಷ್ಟು ಶಾಂತವಾಗಿತ್ತು.

ನಡೆದದ್ದನ್ನು ಎಷ್ಟು ಓದಿದ್ದರೂ ಆ ಸ್ಥಳದಲ್ಲಿ ನಿಂತಾಗಲೇ ಅದು ಅರ್ಥವಾಗುವುದು. ಹಳಿಗೂ ಕಡಲಿಗೂ ನಡುವೆ ಒಂದು ಹೆದ್ದಾರಿ, ಒಂದಷ್ಟು ಮನೆ, ತೆಂಗಿನ ಮರಗಳು, ಅಷ್ಟೇ. ಮೊದಲ ಅಲೆಗೆ ನಿಂತ ರೈಲನ್ನು ಗಟ್ಟಿ ಆಸರೆಯೆಂದು ನಂಬಿ ಊರಿನವರು ಮಕ್ಕಳನ್ನು ಎತ್ತಿಕೊಂಡು ಹತ್ತಿದರು, ಅದರ ಮರೆಗೆ ಬಂದು ನಿಂತರು. ಮುಂದೆ ಬಂದ ದೊಡ್ಡ ಅಲೆ ಬೋಗಿಗಳನ್ನು ಎತ್ತಿ ಒಗೆಯಿತು. ಸತ್ತವರು 1,000ಕ್ಕೂ ಹೆಚ್ಚು. 1,700 ಎಂಬ ಲೆಕ್ಕವೂ ಇದೆ. ಜಗತ್ತಿನ ರೈಲು ದುರಂತಗಳಲ್ಲೇ ಅತಿ ಹೆಚ್ಚು ಜೀವ ತೆಗೆದುಕೊಂಡದ್ದು ಇದು. ಆಮೇಲೆ ಎಂಜಿನ್ನನ್ನೂ ಎರಡು ಬೋಗಿಗಳನ್ನೂ ಎತ್ತಿ ಸರಿಪಡಿಸಿದರು.

ಸ್ಮಾರಕದ ಪಕ್ಕದ ಗೂಡಂಗಡಿಯಲ್ಲಿ ಕರಿ ಚಹಾ ಮತ್ತು ಕಡಿಯಲು ಬೆಲ್ಲದ ತುಂಡು ಕೊಟ್ಟ ಅಜ್ಜಿ ದುಡ್ಡು ತೆಗೆದುಕೊಳ್ಳಲಿಲ್ಲ. ಈ ದಿನ ಕೊಡುವುದಷ್ಟೇ, ತೆಗೆದುಕೊಳ್ಳುವುದಿಲ್ಲ ಎಂದು ಆಟೋದವನು ಅವರ ಮಾತನ್ನು ನಮಗೆ ಹೇಳಿದ. 9.25ಕ್ಕೆ ದೇಶವೆಲ್ಲ ಎರಡು ನಿಮಿಷ ಮೌನ. ಹೆದ್ದಾರಿಯ ಬಸ್ಸುಗಳೂ ನಿಂತವು. ಕೇಳಿಸುತ್ತಿದ್ದುದು ಎರಡೇ, ಕಡಲು ಮತ್ತು ಹಳಿಯ ಮೇಲೆ ನಿಂತಿದ್ದ 591ರ ಮಿಡಿತ.

ಜನರೆಲ್ಲ ಸ್ಮಾರಕದ ಕಡೆ ನಡೆದ ಮೇಲೆ, ಗಾಡಿಯ ಸಿಬ್ಬಂದಿಯನ್ನು ಕೇಳಿ, ಎಂಜಿನ್ನಿನ ಹತ್ತಿರ ಹೋಗಿ ನಿಂತೆವು. ಅಲೆಯ ಚಿತ್ರ ಎಂಜಿನ್ನಿನ ಪಕ್ಕದ ಉದ್ದಕ್ಕೂ ಏಳುತ್ತದೆ. ಜಿ12ರ ಪಕ್ಕ ಎಂದರೆ ಒಂದೇ ತಗಡಲ್ಲ, ಸಾಲು ಸಾಲು ಬಾಗಿಲುಗಳು. ಒಂದೊಂದಕ್ಕೂ ಕೀಲು, ಹಿಡಿಕೆ. ಆದ್ದರಿಂದ ಅಲೆಯನ್ನು ಬಾಗಿಲಿಂದ ಬಾಗಿಲಿಗೆ ದಾಟಿಸಿ ಬರೆಯಬೇಕು. ಕೀಲುಗಳ ಉಬ್ಬಿನ ಮೇಲೆ ಕುಂಚ ಒಮ್ಮೆ ತಡೆದು ಮುಂದೆ ಹೋದ ಗುರುತು ಹತ್ತಿರದಿಂದ ಕಾಣುತ್ತಿತ್ತು. ಬಾಗಿಲೊಂದರ ಕೆಳಅಂಚಿನಲ್ಲಿ, ಮೊನ್ನೆ ಬಣ್ಣದವರು ಹೇಳಿದ್ದಂತೆಯೇ, ಬಣ್ಣ ಗುಳ್ಳೆಯೆದ್ದಿತ್ತು. ನೋಡುತ್ತಿದ್ದಂತೆ ಫಿಟ್ಟರ್ ಒಬ್ಬರು ನಡೆದಾರಿಯಲ್ಲಿ ಬಂದು, ನಡುವಿನ ಬಾಗಿಲು ತೆರೆದು, ತೈಲದ ಮಟ್ಟ ನೋಡುವ ಕಡ್ಡಿ ಎಳೆದು ಒರೆಸಿದರು. ಬಾಗಿಲು ತೆರೆದಷ್ಟು ಹೊತ್ತು ಅಲೆ ಎರಡು ತುಂಡಾಗಿ, ನಡುವೆ ಬಿಸಿ ಎಂಜಿನ್ ಕಾಣುತ್ತಿತ್ತು. ಕಡ್ಡಿಯನ್ನು ಮತ್ತೆ ಇಳಿಸಿ ಬಾಗಿಲು ಮುಚ್ಚಿದರು. ಗೆರೆ ಗೆರೆಗೆ ಕೂಡಿಕೊಂಡಿತು. ಮುಚ್ಚಿದ ಮೇಲೆ ಅವರು ಹಿಡಿಕೆಯ ಸುತ್ತ ಅಂಟಿದ್ದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದರು, ಅಲೆಯ ತುದಿಗೆ ಮಸಿ ತಾಗದ ಹಾಗೆ, ಬೆರಳಿಗೆ ಬಟ್ಟೆ ಸುತ್ತಿಕೊಂಡು.

ಅಪ್ಪನೂ ಹಾಗೆಯೇ ಒರೆಸುತ್ತಿದ್ದರು.

ಅಳಿಯನಿಗೆ ನಾನು ಏನನ್ನೂ ಹೇಳಲಿಲ್ಲ. ಆದರೆ ನನಗೆ ಹೇಳಬೇಕಾದ ಮಾತು ಅಲ್ಲಿ ಸಿಕ್ಕಿತು. ಸಂಗ್ರಹಾಲಯದಲ್ಲಿ ನಿಂತುಹೋದ ಎಂಜಿನ್ನಿಗೆ ಹುಟ್ಟುಬಣ್ಣ ಹಚ್ಚಲಿ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಓಡುತ್ತಿರುವ ಎಂಜಿನ್ನಿನ ಬಣ್ಣದ ಮೇಲಿನ ಹಕ್ಕು ಮಾತ್ರ ಅದನ್ನು ಓಡಿಸುವವರದು, ಅದರಲ್ಲಿ ಓಡಾಡುವವರದು, ಅದರಿಂದ ತಮ್ಮವರನ್ನು ಕಳೆದುಕೊಂಡವರದು. ಹಳಿಯ ಬದಿಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವ ನಮ್ಮ ಸರದಿ ಅವರ ನಂತರ. 591ಕ್ಕೆ ಐವತ್ತರ ದಶಕದ ಬಣ್ಣ ಬಳಿದರೆ ಅದು ಮೂಲಕ್ಕೆ ಮರಳಿದಂತಲ್ಲ, ಆ ಬೆಳಿಗ್ಗೆಯನ್ನು ಒರೆಸಿ ಹಾಕಿದಂತೆ.

ಹತ್ತಿರದಲ್ಲಿ ಜಪಾನಿನ ನೆರವಿನಿಂದ ನಿಂತ ಎತ್ತರದ ಬುದ್ಧನ ವಿಗ್ರಹವಿದೆ, ತೆಲ್ವತ್ತದಲ್ಲಿ ಸುನಾಮಿಯ ಚಿತ್ರಗಳ ಪುಟ್ಟ ಸಂಗ್ರಹಾಲಯವೂ ಇದೆ. ಎರಡನ್ನೂ ನೋಡಿದೆವು, ಮಾತಿಲ್ಲದೆ. ಮಧ್ಯಾಹ್ನ ಊಟಕ್ಕೆ ಮನಸ್ಸಾಗಲಿಲ್ಲ. ಎಮ್ಮೆಯ ಮೊಸರಿಗೆ ಬೈನೆ ಮರದ ಪಾಕ ಸುರಿದು ಕೊಟ್ಟದ್ದನ್ನು ತಿಂದು ಗಾಲೆಗೆ ಹೊರಟೆವು.

ಐದನೆಯ ದಿನ: ಗಾಲೆಯಿಂದ ಹಿಂದಕ್ಕೆ

ಗಾಲೆಯ ಕೋಟೆಯ ಬಗ್ಗೆ ಬರೆದವರು ಬಹಳ ಜನರಿದ್ದಾರೆ. ನಾವು ಬೆಳಿಗ್ಗೆ ಗೋಡೆಯ ಮೇಲೆ ಒಂದು ಸುತ್ತು ಬಂದು ನಿಲ್ದಾಣಕ್ಕೆ ಇಳಿದೆವು. ಹಳಿ ಇಲ್ಲಿಗೆ ಬಂದದ್ದು 1894ರಲ್ಲಿ, ಮಾತರಕ್ಕೆ ಮರುವರ್ಷ. ಅಲ್ಲಿಂದ ಬೆಲಿಅತ್ತಕ್ಕೆ ಮುಂದುವರಿದದ್ದು 2019ರಲ್ಲಷ್ಟೇ. ಮಾತರದಿಂದ ಬರುವ ಗಾಡಿಗಳು ಗಾಲೆಯಲ್ಲಿ ಎಂಜಿನ್ನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬದಲಿಸಿಕೊಂಡೇ ಹೊರಡಬೇಕು. ಆದ್ದರಿಂದ ಎಂಜಿನ್ ನೋಡಬೇಕೆನ್ನುವವರಿಗೆ ಇಲ್ಲಿಯ ಪ್ಲಾಟ್‌ಫಾರಂ ಒಳ್ಳೆಯ ಜಾಗ. ಸ್ಟೇಷನ್ ಮಾಸ್ತರರನ್ನು ಒಂದು ಮಾತು ಕೇಳಿದರೆ ಚಿತ್ರ ತೆಗೆಯಲು ಬೇಡವೆನ್ನುವುದಿಲ್ಲ. ಕೊಂಡಿ ಬಿಡಿಸುವವನು ಅಳಿಯನ ಅಂಗಿಯ ಬೆನ್ನಿನ ಬೆಳ್ಳಿಪಟ್ಟೆಯನ್ನು ಕಂಡು, ತನ್ನ ತೋಳಿನ ಮೇಲಿದ್ದ ಅಂಥದೇ ಕಲೆಯನ್ನು ತೋರಿಸಿದ.

ಮಧ್ಯಾಹ್ನದ ಗಾಡಿಯಲ್ಲಿ ಕಡಲು ಎಡಕ್ಕೆ ಬಂತು. ಪೆರಲಿಯ ಹಾದುಹೋಗುವಾಗ ಬೋಗಿಯಲ್ಲಿದ್ದ ಹಲವರು ಕುಳಿತಲ್ಲೇ ಕೈ ಜೋಡಿಸಿದರು, ಮತ್ತೆ ತಮ್ಮ ತಮ್ಮ ಮಾತಿಗೆ ತಿರುಗಿದರು. ಅಳಿಯ ಬಹಳ ಹೊತ್ತಿನಿಂದ ತನ್ನ ಪುಸ್ತಕದಲ್ಲಿ ಏನನ್ನೋ ಗೀಚುತ್ತಿದ್ದ. ಅಲುತ್‌ಗಮ ದಾಟಿದ ಮೇಲೆ ನನ್ನ ಕಡೆ ತಿರುಗಿಸಿದ. ಎಂ2ರ ಪಕ್ಕದ ನೋಟ, ಬಾಗಿಲುಗಳ ಸಾಲು, ಒಂದೊಂದಕ್ಕೂ ಕೀಲು.

“ಮಾಮ, ಅವರು ತೆರೆದ ಬಾಗಿಲು ಕ್ಯಾಬಿನಿಂದ ಎಷ್ಟನೆಯದು?”

“ನಾಲ್ಕನೆಯದು ಅನ್ಸುತ್ತೆ ಕಣೋ. ಯಾಕೆ?”

“ಅದೊಂದನ್ನ ತೆರೆಯೋ ಹಾಗೆ ಮಾಡ್ತೀನಿ. ಚಿತ್ರಾನ ಮುಚ್ಚಿದ ಮೇಲೆ ಬರೀಬೇಕು, ಇಲ್ಲದಿದ್ರೆ ಗೆರೆ ಕೂಡಲ್ಲ.”

ನಾನು ನೆನಪಿನಿಂದ ಮತ್ತೊಮ್ಮೆ ಎಣಿಸಿದೆ, ಐದನೆಯದೂ ಇರಬಹುದೆನ್ನಿಸಿತು. ಅವನು ಫೋನು ತೆಗೆದು ಚಿತ್ರಗಳನ್ನು ಹುಡುಕತೊಡಗಿದ. ವೆಲ್ಲವತ್ತ ಬಂದಾಗ ಇನ್ನೂ ಹುಡುಕುತ್ತಿದ್ದ; ಇಳಿಯಬೇಕೆಂದು ನಾನೇ ಅವನ ಚೀಲವನ್ನು ಹೆಗಲಿಗೇರಿಸಿಕೊಂಡೆ.